ಫ್ಯಾಮಿಲಿ ರೂಮಿನ ಪರದೆ

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆಗಳ ಜೊತೆಗೆ ಒಂದು ಹಿತ್ತಾಳೆಯ ಉಂಗುರವೂ ಇದೆ. ಬೆರಳಿಗೆ ಹಾಕಿಕೊಳ್ಳುವುದಲ್ಲ. ಬಾಗಿಲಿಗೋ ಕಿಟಕಿಗೋ ಪರದೆ ಇಳಿಬಿಡುವಾಗ ಸರಳಿಗೆ ಪೋಣಿಸುತ್ತಾರಲ್ಲ, ಅಂಥದು. ಕೋಡುಬಳೆ ಹೊಸೆಯುವ ದಿನ ಅದು ಡಬ್ಬಿಯಿಂದ ಹೊರಗೆ ಬರುತ್ತದೆ. ಹಿಟ್ಟಿನ ಎಳೆಯನ್ನು ಅದರ ಸುತ್ತ ಒಮ್ಮೆ ಸುತ್ತಿ, ತುದಿಗೆ ತುದಿ ಅಂಟಿಸಿ, ಮೆಲ್ಲಗೆ ಜಾರಿಸಿ ತೆಗೆದರೆ ನೂರು ಕೋಡುಬಳೆ ಮಾಡಿದರೂ ನೂರೂ ಒಂದೇ ಅಳತೆ. ನಮ್ಮ ಬೀದಿಯಲ್ಲಿ ನನ್ನ ಕೋಡುಬಳೆಗೆ ಇರುವ ಹೆಸರಿನಲ್ಲಿ ಅರ್ಧ ಪಾಲು ಆ ಉಂಗುರಕ್ಕೆ ಸೇರಬೇಕು.

ಮೊನ್ನೆ ಪಕ್ಕದ ಮನೆಯ ಸಿಸಿಲಿಯಮ್ಮ ಸಾಸಿವೆ ಕೇಳಿಕೊಂಡು ಬಂದವರು ಅದನ್ನು ನೋಡಿ, "ಇದೇನು ಜಯಮ್ಮ, ಸಾಸಿವೆ ಪಕ್ಕ ಪರದೆ ರಿಂಗು?" ಎಂದರು.

"ಕದ್ದ ಮಾಲು ಕಣ್ರೀ," ಎಂದೆ.

ಅವರು ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅದು ನಿಜ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹೆಂಗಸಿಗೆ ಬೆಳಗ್ಗೆ ಎದ್ದು ನನ್ನ ಪಾಪದ ಕಥೆ ಯಾಕೆ ಕೇಳಿಸಬೇಕೆಂದು ಸುಮ್ಮನಾದೆ. ನಿಮಗಾದರೆ ಹೇಳಬಹುದು. ಕದ್ದದ್ದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲವೆಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಮಂಡಕಳ್ಳಿ ಕಡೆಯ ಹಳ್ಳಿಯಿಂದ ಮೈಸೂರಿನ ಲಷ್ಕರ್ ಮೊಹಲ್ಲಾದ ಈ ಮನೆಗೆ ಸೊಸೆಯಾಗಿ ಬಂದೆ. ಬರುವಾಗ ನನಗೆ ಅಡುಗೆ ಬರುತ್ತಿರಲಿಲ್ಲ. ಹಳ್ಳಿಯ ಹೆಣ್ಣುಮಗಳು, ಮುದ್ದೆ ತೊಳಸುವುದನ್ನು ಯಾರೂ ಹೇಳಿಕೊಡಬೇಕಿಲ್ಲವೆಂದು ಅತ್ತೆ ನಂಬಿದ್ದರು. ನಮ್ಮ ತವರಿನಲ್ಲಿ ಆರು ಜನ ಹೆಂಗಸರು. ನನ್ನ ಸರದಿ ಬರುವಷ್ಟರಲ್ಲಿ ನನ್ನ ಮದುವೆಯೇ ಆಗಿಹೋಗಿತ್ತು. ನಾನು ಮಾಡಿದ ಮೊದಲ ಮುದ್ದೆಯನ್ನು ಮುರಿದರೆ ಒಳಗೆ ಹಸಿಹಿಟ್ಟಿನ ಗಂಟು. ಅತ್ತೆ ಅದನ್ನು ನೋಡಿ ನನ್ನನ್ನು ಬೈಯಲಿಲ್ಲ. ನಮ್ಮಪ್ಪ, ಅಮ್ಮ, ಮದುವೆ ಗೊತ್ತುಮಾಡಿದವರು, ಇವರನ್ನೆಲ್ಲ ಕ್ರಮವಾಗಿ ಬೈದರು.

ಅಡುಗೆ ಕಲಿಸಿದವರು ನನ್ನ ಗಂಡ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮದುವೆಗೆ ಮುಂಚೆ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿ ಮೂರು ವರ್ಷವಿದ್ದು, ಒಂದೇ ಕೋಣೆಯಲ್ಲಿ ನಾಲ್ವರು ಗಂಡಸರಿಗೆ ಅಡುಗೆ ಮಾಡಿ ಹಾಕಿದವರು. ಅವರ ಹೆಸರು ನಾನು ಹೇಳುವುದಿಲ್ಲ. ಇಷ್ಟೆಲ್ಲ ಗಯ್ಯಾಳಿತನ ಮಾಡಿದವಳು ಗಂಡನ ಹೆಸರು ಹೇಳಲು ಹಿಂಜರಿಯುತ್ತಾಳೆಂದು ನೀವು ನಗಬಹುದು. ನಗಿ. ಮುಂದೆ ಬೇರೆಯವರ ಬಾಯಿಂದ ಬಂದಾಗ ನಿಮಗೇ ತಿಳಿಯುತ್ತದೆ.

ಆದರೆ ಗಂಡಸು ಅಡುಗೆಮನೆಗೆ ಬರುವುದು ಹೇಗೆ? ಅತ್ತೆ ಬಿಡಬೇಕಲ್ಲ. ಅದಕ್ಕೆ ಅವರು ಒಂದು ಪಂಪ್ ಸ್ಟೌ ತಂದರು. ಸ್ಟೌ ಎಂದರೆ ಯಂತ್ರ, ಯಂತ್ರ ಎಂದರೆ ಗಂಡಸರ ಕೆಲಸ, ಅದನ್ನು ಅತ್ತೆಯೂ ಒಪ್ಪಿದರು. "ಸ್ಟೌ ಕಟ್ಕೊಂಡೈತೆ ಕಣವ್ವ, ಪಿನ್ನು ಹಾಕ್ಬೇಕು," ಎಂದು ಒಳಗೆ ಬರುತ್ತಿದ್ದವರು ಒಂದು ಗಂಟೆಯಾದರೂ ಹೊರಗೆ ಹೋಗುತ್ತಿರಲಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮಷ್ಟು ಕೆಟ್ಟ ಸ್ಟೌ ಯಾರ ಮನೆಯಲ್ಲೂ ಇರಲಿಲ್ಲ. ಅದು ಕೆಟ್ಟಷ್ಟೂ ನಮ್ಮ ಮನೆಯ ಸಾರು ರುಚಿಯಾಗುತ್ತಿತ್ತು. ಮಸಾಲೆ ಹುರಿಯುವಾಗ ಕೊತ್ತಂಬರಿ ಬೀಜದ ವಾಸನೆ ಯಾವಾಗ ತಿರುಗುತ್ತದೆ, ಬಸ್ಸಾರಿಗೆ ಸೊಪ್ಪು ಬೇಯಿಸಿದ ಕಟ್ಟಿನಲ್ಲಿ ಎಷ್ಟು ಇರಿಸಿಕೊಳ್ಳಬೇಕು, ಅವರೆಕಾಳು ಹಿದುಕಿದ ಮೇಲೆ ಸಿಪ್ಪೆಯನ್ನು ಯಾಕೆ ಎಸೆಯಬಾರದು, ಎಲ್ಲವನ್ನೂ ಆ ಭರ್ರೆನ್ನುವ ಸದ್ದಿನ ಪಕ್ಕ ಕೂತು ಕಲಿತೆ. ನಮ್ಮಿಬ್ಬರ ಪ್ರೀತಿಯ ಮಾತುಗಳೆಂದರೆ ಹುಳಿ, ಉಪ್ಪು, ಖಾರ ಇಷ್ಟೇ ಆಗಿದ್ದವು. ಅವುಗಳಲ್ಲಿ ಬೇಕಾದಷ್ಟು ಹೇಳಿಕೊಳ್ಳಬಹುದು.

ಆದರೆ ಜೊತೆಯಲ್ಲಿ ಮಾಡಿದ್ದನ್ನು ಜೊತೆಯಲ್ಲಿ ಉಣ್ಣುವಂತಿರಲಿಲ್ಲ. ಮೊದಲು ಮಗ ಉಂಡೇಳಬೇಕು. ಆಮೇಲೆ ಅತ್ತೆ. ಅತ್ತೆ ಎದ್ದು ಎಲೆಯಡಿಕೆ ತಟ್ಟೆ ತೆಗೆದುಕೊಂಡು ನಡುಮನೆಯಲ್ಲಿ ಒರಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ನಾನು. ಮಾವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಗಂಡಸೆಂದರೆ ಇದ್ದವರು ನನ್ನ ಗಂಡ ಒಬ್ಬರೇ. ಮೂರು ಜನರ ಮನೆಯಲ್ಲಿ ಮೂರು ಪಂಕ್ತಿ. ಅವರು ಬಡಿಸಿಕೊಂಡು ಉಣ್ಣುವುದನ್ನು ನಾನು ದಿನಾ ನೋಡುತ್ತಿದ್ದೆ. ನಾನು ಉಣ್ಣುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅಷ್ಟು ಮುತುವರ್ಜಿಯಿಂದ ಮಾಡಿದ ಸಾರು ನನ್ನ ನಾಲಿಗೆಗೆ ಹೇಗೆ ಹತ್ತಿತೆಂದು ತಿಳಿಯದೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅದಕ್ಕೊಂದು ಉಪಾಯ ಮಾಡಿಕೊಂಡೆವು. ನಾನು ಒಬ್ಬಳೇ ಉಣ್ಣುತ್ತಾ ಸೌಟಿನಿಂದ ಪಾತ್ರೆಯ ಅಂಚಿಗೆ ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ಚೆನ್ನಾಗಿದೆ. ಎರಡು ಸಲವಾದರೆ ಹುಳಿ ಸಾಲದು. ಮೂರಾದರೆ ಉಪ್ಪು ಹೆಚ್ಚು. ಅವರು ನಡುಮನೆಯಲ್ಲಿ ಪೇಪರು ಹಿಡಿದುಕೊಂಡು ಕಿವಿ ನಿಮಿರಿಸಿರುತ್ತಿದ್ದರು. ಪಕ್ಕದಲ್ಲೇ ಕಣ್ಣು ಮುಚ್ಚಿ ಎಲೆಯಡಿಕೆ ಜಗಿಯುವ ಅತ್ತೆಗೆ ಇದೇನೂ ತಿಳಿಯುವುದಿಲ್ಲವೆಂದು ಇಬ್ಬರೂ ಬೀಗುತ್ತಿದ್ದೆವು.

ಸಿಸಿಲಿಯಮ್ಮನ ಮನೆಯಲ್ಲಿ ಒಂದು ಹಳೆಯ ದೊಡ್ಡ ಮೇಜಿತ್ತು. ಒಂದು ಕ್ರಿಸ್‌ಮಸ್ಸಿಗೆ ಅವರು ಮರಳು ತುಂಬಿದ ಹಂಡೆಯಲ್ಲಿ ಕೇಕು ಬೇಯಿಸಿ, ಒಂದು ತುಂಡು ಕೊಡಲು ನನ್ನನ್ನು ಒಳಗೆ ಕರೆದಿದ್ದರು. ಗಂಡ, ಹೆಂಡತಿ, ಅತ್ತೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರು. ಅವರ ಗಂಡ ತಮ್ಮ ತಟ್ಟೆಯಿಂದ ಏನನ್ನೋ ಎತ್ತಿ ಹೆಂಡತಿಯ ತಟ್ಟೆಗೆ ಹಾಕಿದರು. ಕೇಕು ಹೇಗಿತ್ತೆಂದು ನನಗೆ ನೆನಪಿಲ್ಲ. ಆ ಕೈ ಮೇಜಿನ ಮೇಲೆ ಹಾದುಹೋದದ್ದು ನೆನಪಿದೆ. ನನಗೆ ಹೊಟ್ಟೆಕಿಚ್ಚಾಯಿತು.

ಇನ್ನು ಪಾಸಿನ ವಿಷಯ. ರೈಲ್ವೆಯವರಿಗೆ ವರ್ಷಕ್ಕೆ ಇಷ್ಟು ಎಂದು ಪುಕ್ಕಟೆ ಪಾಸು ಸಿಗುತ್ತದೆ, ಹೆಂಡತಿಗೂ ಸೇರಿಸಿ. ಮದುವೆಯಾಗಿ ಎರಡು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಅತ್ತೆಯ ಬಳಿ ದೇವರುಗಳ ಒಂದು ಪಟ್ಟಿಯೇ ಇತ್ತು. ಇಲ್ಲಿ ಹೋಗಿ ಹಣ್ಣುಕಾಯಿ ಮಾಡಿಸಿ, ಅಲ್ಲಿ ಹೋಗಿ ಮುಡಿ ಕೊಡಿ. ನಾವು ತಲೆಯಾಡಿಸಿ, ಪಾಸು ಬರೆಸಿ, ರೈಲು ಹತ್ತುತ್ತಿದ್ದೆವು. ದೇವರಿದ್ದ ಊರಿನಲ್ಲಿ ಒಳ್ಳೆಯ ಹೋಟೆಲಿದ್ದರೆ ದೇವರ ದರ್ಶನವೂ ಆಗುತ್ತಿತ್ತು. ಹೋಟೆಲು ಬೇರೆ ಊರಿನಲ್ಲಿದ್ದರೆ ದೇವರು ಸ್ವಲ್ಪ ಕಾಯಬೇಕಾಗುತ್ತಿತ್ತು. ಒಮ್ಮೆ ಗುಡಿಗೆ ಹೋಗುವುದೇ ಮರೆತು, ಬರುವಾಗ ಅಂಗಡಿಯಲ್ಲಿ ಕುಂಕುಮ ಕೊಂಡು, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟಿದ್ದ ಕಾಗದದಲ್ಲೇ ಅದನ್ನು ಸುತ್ತಿ ತಂದುಕೊಟ್ಟೆವು. ಅತ್ತೆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಒಂದು ಗಳಿಗೆ ಮೂಸಿ, "ಈ ದೇವ್ರಿಗೆ ಎಣ್ಣೆ ಸೇವೆ ಜೋರಾಗೈತೆ," ಎಂದರು. ಅವರಿಗೆ ಏನೂ ತಿಳಿಯುವುದಿಲ್ಲವೆಂಬ ನಮ್ಮ ನಂಬಿಕೆ ಆಗಲೇ ಅಲುಗಾಡಬೇಕಿತ್ತು, ಅಲುಗಾಡಲಿಲ್ಲ.

ಅಂಥ ಒಂದು ಯಾತ್ರೆಯಲ್ಲೇ ಅರಸೀಕೆರೆ ದಾಟಿದ ಮೇಲಿನ ಒಂದೂರಿನ ಹೋಟೆಲಿಗೆ ಹೋದೆವು. ಊರ ಹೆಸರು ಹೇಳುವುದಿಲ್ಲ. ಬೆಣ್ಣೆ ಹಾಕಿದ ದಪ್ಪ ದೋಸೆ ಎಂದ ಕೂಡಲೇ ನೀವು ಒಂದು ಊರನ್ನು ಊಹಿಸುತ್ತೀರಿ. ಆ ಊರಲ್ಲ. ಹೆಂಗಸರ ಜೊತೆ ಬಂದವರು ಫ್ಯಾಮಿಲಿ ರೂಮಿನಲ್ಲಿ ಕೂರಬೇಕೆಂದು ಅಲ್ಲಿನ ಕಟ್ಟಳೆ. ಹೆಸರು ರೂಮು, ಇದ್ದದ್ದು ಕೈ ತೊಳೆಯುವ ಜಾಗದ ಪಕ್ಕ ಹಲಗೆ ಹೊಡೆದು ಮಾಡಿದ ಗೂಡು. ಒಂದು ಮೇಜು, ಎರಡು ಬೆಂಚು, ಬಾಗಿಲಿಗೆ ಜಿಡ್ಡು ಹಿಡಿದ ಕಂದು ಪರದೆ.

ಮೊದಲ ಸಲ ಆ ಪರದೆಯ ಮೇಲೆ ನನಗೆ ಕೋಪವಿರಲಿಲ್ಲ. ನಿಜ ಹೇಳಬೇಕೆಂದರೆ ಪ್ರೀತಿಯೇ ಇತ್ತು. ಅದರ ಹಿಂದೆ ನಾನೂ ನನ್ನ ಗಂಡನೂ ಎದುರುಬದುರು ಕೂತು, ಒಂದೇ ಹೊತ್ತಿಗೆ ಬಂದ ಎರಡು ದೋಸೆಗಳನ್ನು ಒಂದೇ ಹೊತ್ತಿಗೆ ಮುರಿದೆವು. ಅವರು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಏನು?" ಎಂದೆ.

"ನೀನು ಕಣ್ಣು ಮುಚ್ಕೊಂಡು ತಿಂತೀಯ ಕಣೆ. ನಂಗೆ ಗೊತ್ತೇ ಇರ್ನಿಲ್ಲ," ಎಂದರು.

ನನಗೂ ಗೊತ್ತಿರಲಿಲ್ಲ. ಒಬ್ಬಳೇ ಉಣ್ಣುವವಳಿಗೆ ಇಂಥದ್ದನ್ನೆಲ್ಲ ಹೇಳುವವರು ಯಾರು? ದೋಸೆಗಿಂತ ಹೆಚ್ಚಾಗಿ ಆ ಎದುರು ಕೂರುವ ಭಾಗ್ಯಕ್ಕೇ ನಾನು ಊರೂರು ಅಲೆದದ್ದೆಂದು ಈಗ ಹೇಳಬಲ್ಲೆ. ಆಗ ನಾಲಿಗೆ ಚಪಲವೆಂದೇ ತಿಳಿದಿದ್ದೆ.

ಹೊರಗೆ ತಿಂದದ್ದನ್ನು ಮನೆಯಲ್ಲಿ ಮಾಡಿ ನೋಡುವುದು ನಮ್ಮ ರೂಢಿ. ಮೂರು ಸಲ ಮಾಡಿದರೂ ಆ ರುಚಿ ಬರದಿದ್ದರೆ ಮತ್ತೆ ಆ ಊರಿಗೆ ಹೋಗಿ ತಿಂದು ಬರಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಆ ದೋಸೆ ಮೊದಲ ಸಲ ಚರ್ಮದ ಹಾಗೆ ಎದ್ದಿತು. ಎರಡನೆಯ ಸಲ ಮಂಡಕ್ಕಿ ನೆನೆಸಿ ರುಬ್ಬಿದೆವು, ಹತ್ತಿರ ಹತ್ತಿರ ಬಂತು. ಮೂರನೆಯ ಸಲ ಹಿಟ್ಟು ಚೆನ್ನಾಗಿ ಹುಳಿ ಬಂದು ಉಬ್ಬಿ ನಿಂತದ್ದನ್ನು ನೋಡಿ ನನಗೆ ಭಯವಾಯಿತು. ಇದು ಸರಿಹೋದರೆ ಆ ಊರಿನ ಯಾತ್ರೆ ಮುಗಿಯಿತಲ್ಲ. ಅವರು ಸ್ನಾನಕ್ಕೆ ಹೋದಾಗ ಒಂದು ಹಿಡಿ ಉಪ್ಪು ಎತ್ತಿ ಹಿಟ್ಟಿಗೆ ಹಾಕಿ ಕಲಸಿಬಿಟ್ಟೆ. ನಾನು ಹೂ ಕೊಳ್ಳಲು ಬಾಗಿಲಿಗೆ ಹೋದಾಗ ಅವರೂ ಒಂದು ಹಿಡಿ ಹಾಕಿದ್ದಾರೆಂದು ನನಗೆ ಹೇಗೆ ತಿಳಿಯಬೇಕು? ಸ್ಟೌ ನೆಪದಲ್ಲಿ ಅವರು ಕಾವಲಿ ಬಿಟ್ಟು ಏಳಲಿಲ್ಲ, ಹಾಗಾಗಿ ಮೊದಲ ದೋಸೆಯನ್ನು ಬಾಯಿಗಿಟ್ಟವರು ಅತ್ತೆ. "ಉಪ್ಪಿನ್ ಮೂಟೆ ಏನಾದ್ರೂ ಮಗುಚ್ಕೊಂತಾ?" ಎಂದು ಕೇಳಿ ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ತಲೆ ತಗ್ಗಿಸಿ, ಅಪರಾಧ ಒಪ್ಪಿಕೊಂಡು, ಮುಂದಿನ ಪಾಸಿಗೆ ಅರ್ಜಿ ಹಾಕಿದೆವು.

ಎರಡನೆಯ ಸಲ ಹೋಗುವಾಗ ನನಗೊಂದು ಉದ್ದೇಶವಿತ್ತು. ದೋಸೆ ತಿನ್ನುವುದಷ್ಟೇ ಅಲ್ಲ, ಹೊಯ್ಯುವುದನ್ನು ನೋಡಬೇಕು. ಗುಟ್ಟಿರುವುದು ಕಾವಲಿಯ ಕಬ್ಬಿಣದ ದಪ್ಪದಲ್ಲಿ ಎಂದು ಫಿಟ್ಟರ್ ವಾದಿಸುತ್ತಿದ್ದರು. ನೀರು ಚಿಮುಕಿಸುವ ಹೊತ್ತಿನಲ್ಲಿ ಎಂದು ನನ್ನ ವಾದ. ಕಾವಲಿ ಇದ್ದದ್ದು ಗಂಡಸರು ಕೂರುವ ದೊಡ್ಡ ಹಾಲ್‌ನ ಎದುರು, ಎಲ್ಲರಿಗೂ ಕಾಣುವಂತೆ. ಗೂಡಿನೊಳಗೆ ಕೂತವರಿಗೆ ಮಾತ್ರ ಕಾಣುವುದಿಲ್ಲ. ಪರದೆಯನ್ನು ಸ್ವಲ್ಪ ಸರಿಸಿದೆ. ಸಪ್ಲೈಯರ್ ಬಂದು ಮುಚ್ಚಿದ. ಮತ್ತೆ ಸರಿಸಿದೆ. ಮತ್ತೆ ಮುಚ್ಚಿ, "ಹೊರಗಡೆ ಗಂಡಸರು ಕೂತವ್ರೆ ಅಮ್ಮ," ಎಂದ.

"ಇಲ್ಲಿ ಕೂತಿರೋರೂ ಗಂಡಸರೇ," ಎಂದು ನನ್ನ ಗಂಡನನ್ನು ತೋರಿಸಿದೆ.

ಅವನು ಹೋಗಿ ಗಲ್ಲಾದ ಮೇಲಿದ್ದ ಯಜಮಾನರನ್ನು ಕರೆದುಕೊಂಡು ಬಂದ. ಹಣೆಗೆ ಗಂಧ, ಹೆಗಲಿಗೆ ಶಲ್ಯ. ಅವರು ಪರದೆಯ ಆಚೆಯೇ ನಿಂತು ನನ್ನ ಗಂಡನ ಜೊತೆ ಮಾತಾಡಿದರು. ನಾನು ಅಲ್ಲಿಲ್ಲವೆಂಬಂತೆ.

"ಸ್ವಾಮಿ, ಮನೆಯವರಿಗೆ ಸ್ವಲ್ಪ ಹೇಳಿ. ಹೆಂಗಸರು ಹಾಲ್‌ನಲ್ಲಿ ಕೂತ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ಜನ ಮರ್ಯಾದಸ್ಥರು ಬರೋ ಜಾಗ."

ನಾನು ಪರದೆಯನ್ನು ಹಿಡಿದು ಒಂದೇ ಸಲಕ್ಕೆ ಎಳೆದೆ. ಬರೀ ಸರಿಸಬೇಕೆಂದಿದ್ದೆ, ದೇವರಾಣೆಗೂ. ಆದರೆ ಸರಳು ಮೊಳೆಸಮೇತ ಕಿತ್ತುಕೊಂಡು ಬಂತು. ಪರದೆ ಯಜಮಾನರ ತಲೆಯ ಮೇಲೆ ಬಿತ್ತು. ಉಂಗುರಗಳು ಟಣಟಣ ಎಂದು ಉರುಳಿದವು. ಇಡೀ ಹೋಟೆಲು ತಿನ್ನುವುದನ್ನು ನಿಲ್ಲಿಸಿತು. ನನ್ನ ಗಂಡ ಗೋಡೆಯ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, ಬಹಳ ಶಾಂತವಾಗಿ, "ಸ್ಕ್ರೂ ಹಾಕ್ಬೇಕಿತ್ತು ಸ್ವಾಮಿ. ಬರೀ ಮೊಳೆ ಹೊಡ್ದವ್ರೆ, ಎಂಗೆ ನಿಲ್ತದೆ?" ಎಂದರು. ಅವರನ್ನು ಮದುವೆಯಾದದ್ದಕ್ಕೆ ನನಗೆ ಅತ್ಯಂತ ಹೆಮ್ಮೆಯಾದ ಗಳಿಗೆ ಅದು.

ನಾವು ಹೋಗಿ ಹಾಲಿನಲ್ಲಿ ಕಾವಲಿಗೆ ಎದುರಾಗಿದ್ದ ಮೇಜಿನಲ್ಲಿ ಕೂತೆವು. ಅಕ್ಕಪಕ್ಕದವರು ನನ್ನನ್ನು ನೋಡಿದರು. ನಾನು ಕಾವಲಿಯ ಮೇಲಿನ ದೋಸೆಯನ್ನು ನೋಡಿದೆ. ಎರಡು ದೋಸೆ ಬೇಕೆಂದು ನನ್ನ ಗಂಡ ಹೇಳಿದರು. ಯಾರೂ ತರಲಿಲ್ಲ. ಮತ್ತೆ ಹೇಳಿದರು. ಯಜಮಾನರು ಗಲ್ಲಾದಿಂದಲೇ, "ಒಳಗಡೆ ಕೂತರೆ ಕೊಡ್ತೀವಿ," ಎಂದರು. "ಕೊಡೋವರ್ಗೂ ಏಳಲ್ಲ," ಎಂದೆ ನಾನು. ಒಂದು ಗಂಟೆ ಕೂತೆವು. ನಮ್ಮ ಸುತ್ತ ಇಪ್ಪತ್ತು ಜನ ದೋಸೆ ತಿಂದು, ಕೈ ತೊಳೆದು ಹೋದರು. ರೈಲಿನ ಹೊತ್ತಾಯಿತು, ಹಸಿದ ಹೊಟ್ಟೆಯಲ್ಲೇ ಎದ್ದೆವು. ಆದರೆ ಆ ಒಂದು ಗಂಟೆ ನಾನು ಕಾವಲಿಯಿಂದ ಕಣ್ಣು ಕೀಳಲಿಲ್ಲ. ಗುಟ್ಟು ಇದ್ದದ್ದು ನೀರು ಚಿಮುಕಿಸುವ ಹೊತ್ತಿನಲ್ಲೇ. ಅವರು ದೋಸೆ ಕೊಡಲಿಲ್ಲ, ಕಲೆ ಕೊಟ್ಟರು.

ರೈಲಿನಲ್ಲಿ ಕೂತ ಮೇಲೆ ಮುಷ್ಟಿ ಬಿಚ್ಚಿ ನೋಡಿದರೆ ಒಂದು ಉಂಗುರ. ಯಾವಾಗ ಹಿಡಿದುಕೊಂಡೆನೋ ತಿಳಿಯದು. ಅಂಗೈಯಲ್ಲಿ ದುಂಡಗೆ ಗುರುತು ಬಿದ್ದಿತ್ತು. ಹೋಟೆಲಿನವರಿಗೆ, ಅವರ ಶಲ್ಯಕ್ಕೆ, ಮರ್ಯಾದಸ್ಥರಿಗೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನನ್ನ ಗಂಡ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು:

"ಅವ್ನನ್ನ ಬೈದು ಏನ್ ಬಂತು ಬುಡು. ನಮ್ಮನೇಲಿ ಪರದೆ ಇಲ್ಲ, ಅಷ್ಟೇ. ದಿನಾ ನಿನ್ನ ಮೂಲೇಲಿ ಕೂರ್ಸಿ ನಾನು ಮೊದ್ಲು ಉಂಡೇಳ್ತೀನಲ್ಲ, ಅದಕ್ಕೆ ಯಾರ್ನ ಬೈಯೋದು?"

ಹಸಿವಿಗೋ ಏನೋ ಕಣ್ಣಲ್ಲಿ ನೀರು ಬಂತು. "ಮನೇಲೂ ಜೊತೇಲಿ ಕೂರಾಣ," ಎಂದೆ. "ಕೂರಾಣ," ಎಂದರು. ರೈಲಿನಲ್ಲಿ ಹೇಳುವುದು ಸುಲಭ.

ಮೈಸೂರಿಗೆ ಬಂದ ಮೇಲೆ ಒಂದು ತಿಂಗಳು ಇಬ್ಬರಿಗೂ ಧೈರ್ಯ ಬರಲಿಲ್ಲ. ಉಂಗುರವನ್ನು ಒಗ್ಗರಣೆ ಡಬ್ಬಿಯಲ್ಲಿ ಹಾಕಿಟ್ಟೆ, ದಿನಾ ಕಣ್ಣಿಗೆ ಬೀಳಲಿ ಎಂದು. ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ಹಳ್ಳಿಯಿಂದ ದೊಡ್ಡಪ್ಪ ಬಂದರು. ಮಾವನ ಅಣ್ಣ. ಮಾವ ಹೋದ ಮೇಲೆ ಮನೆತನಕ್ಕೆಲ್ಲ ಅವರೇ ಹಿರಿಯರು, ಅವರೆದುರು ಅತ್ತೆ ಬಾಗಿಲ ಮರೆಯಿಂದ ಈಚೆಗೆ ಬರುತ್ತಿರಲಿಲ್ಲ. ಒಂದು ಚೀಲ ಸೊಗಡಿನ ಅವರೆಕಾಯಿ ತಂದಿದ್ದರು. ಅವತ್ತು ಸ್ಟೌ ಬಹಳ ಕೆಟ್ಟಿತು. ನಾನೂ ನನ್ನ ಗಂಡನೂ ಕಾಳು ಹಿದುಕಿ, ಮಸಾಲೆ ಅರೆದು ಸಾರು ಮಾಡಿದೆವು.

ಮಣೆ ಹಾಕುವಾಗ ದೊಡ್ಡಪ್ಪನಿಗೊಂದು, ನನ್ನ ಗಂಡನಿಗೊಂದು ಹಾಕಿದೆ. ಅವರು ಎದ್ದು ಹೋಗಿ ಮೂರನೆಯದನ್ನು ತಂದು ತಮ್ಮ ಪಕ್ಕದಲ್ಲಿ ಹಾಕಿ, ಒಂದು ತಟ್ಟೆಯನ್ನೂ ಇಟ್ಟರು. ನಾನು ಬಡಿಸಿದೆ. ದೊಡ್ಡಪ್ಪ ಮುದ್ದೆ ಮುರಿದು ಒಂದು ತುತ್ತು ನುಂಗಿದರು. ಆಗ ನನ್ನ ಗಂಡ, "ಜಯ, ಕೂತ್ಕೊ," ಎಂದರು.

ಹೋಟೆಲಿನಲ್ಲಿ ಪರದೆ ಕಿತ್ತ ಹೆಂಗಸು ನಾನೇನಾ ಎಂದು ನನಗೇ ಅನುಮಾನವಾಯಿತು. ಅಲ್ಲಿದ್ದವರು ಪರರು, ಇಲ್ಲಿದ್ದವರು ನಮ್ಮವರು. ನಮ್ಮವರೆದುರು ಗಯ್ಯಾಳಿಯಾಗುವುದು ಬಹಳ ಕಷ್ಟ. ಆದರೂ ಕೂತೆ.

"ಏನ್ಲಾ ಸಿದ್ದ ಇದು?" ಎಂದರು ದೊಡ್ಡಪ್ಪ. "ಹೆಣ್ಣೆಂಗ್ಸು ನನ್ ಸರೀಕ್ಕೆ ಕೂತ್ಕೊಂಡು ಉಣ್ಣಾದಾ?"

"ಇಬ್ರೂ ಸೇರಿ ಮಾಡಿದ್ದು ದೊಡ್ಡಪ್ಪ. ಇಬ್ರೂ ಸೇರಿ ಉಣ್ತೀವಿ."

"ನೀನು ಒಲೆ ಮುಂದೆ ಕೂರ್ತೀಯ ಅಂತ ಊರಲ್ಲಿ ಅಂದ್ರೆ ನಾನು ನಂಬಿರ್ನಿಲ್ಲ."

"ನಂಬಿ. ನೀವೀಗ ಉಂಡ ತುತ್ತಿಗೆ ಮಸಾಲೆ ಅರ್ದೋನು ನಾನೇಯ."

ಬಾಗಿಲ ಮರೆಯಿಂದ ಅತ್ತೆಯ ಪಿಸುದನಿ ಬಂತು. "ಏಳೇ ಜಯ. ಎದ್ದೋಗೆ, ನಿನ್ ದಮ್ಮಯ್ಯ ಅಂತೀನಿ."

ನಾನು ಏಳಲಿಲ್ಲ. ಎದ್ದಿದ್ದರೆ ಮತ್ತೆಂದೂ ಕೂರುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ದೊಡ್ಡಪ್ಪ ಎದ್ದರು. ಹಿರಿಯರು ಅರ್ಧ ಊಟದಲ್ಲಿ ತಟ್ಟೆ ಬಿಟ್ಟು ಏಳುವುದೆಂದರೆ ಏನೆಂದು ನಮ್ಮವರಿಗೆ ಹೇಳಬೇಕಿಲ್ಲ. ಕೈ ತೊಳೆದು, ರುಮಾಲು ಸುತ್ತಿಕೊಂಡು, "ಇನ್ನು ಈ ಮನೇಲಿ ನಾನು ಕೈ ತೊಳೆಯಾಕಿಲ್ಲ," ಎಂದು ಹೇಳಿ ಹೊರಟೇಬಿಟ್ಟರು. ನನ್ನ ಗಂಡ ಬೀದಿಯ ಕೊನೆಯವರೆಗೂ ಹಿಂದೆ ಹೋಗಿ ಕರೆದು, ಒಬ್ಬರೇ ವಾಪಸು ಬಂದರು. ಬಂದು ಮಣೆಯ ಮೇಲೆ ಕೂತರು. ಆರಿದ ಮುದ್ದೆಯನ್ನು ಇಬ್ಬರೂ ಉಂಡೆವು. ಹಟಕ್ಕೆ ಉಂಡೆವು.

ಅತ್ತೆ ಅವತ್ತು ಉಣ್ಣಲಿಲ್ಲ. "ನನ್ ಗಂಡನ ಮನೆ ಬಾಗ್ಲು ಮುಚ್ಚಿಸ್ಬುಟ್ರಿ," ಎಂದು ಒಂದೇ ಒಂದು ಮಾತು ಹೇಳಿದರು. ಮಾರನೆಯ ದಿನದಿಂದ ಅವರೂ ಒಂದು ಹಟ ಹಿಡಿದರು. ನಾವಿಬ್ಬರೂ ಉಂಡೇಳುವ ತನಕ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ನಾವು ಎದ್ದ ಮೇಲೆ ಹೋಗಿ, ನಾನು ಐದು ವರ್ಷ ಕೂತ ಆ ಮೂಲೆಯಲ್ಲೇ, ಗೋಡೆಯ ಕಡೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. "ಬನ್ನಿ ಅತ್ತೆಮ್ಮ, ಜೊತೇಲಿ ಕೂತ್ಕೊಳಿ," ಎಂದು ದಿನಾ ಕರೆಯುತ್ತಿದ್ದೆ. "ನಾಚ್ಕೆ ಬುಟ್ಟೋರ ಜೊತೆ ನಾ ಕೂರಾಕಿಲ್ಲ," ಎಂದು ದಿನಾ ಹೇಳುತ್ತಿದ್ದರು.

ಅವರೆಯ ಕಾಲ ಮುಗಿಯಿತು. ಮಾವಿನ ಹೂವು ಬಂತು. ನಾನೂ ನನ್ನ ಗಂಡನೂ ಬೇಕಾದಷ್ಟು ಸಲ ಎದುರುಬದುರು ಕೂತು ಉಂಡೆವು. ಅದು ಸುಖವೇ, ಇಲ್ಲವೆನ್ನುವುದಿಲ್ಲ. ಆದರೆ ಒಂದು ದಿನ ನೀರು ಕುಡಿಯಲು ಒಳಗೆ ಹೋದವಳು ಅತ್ತೆಯ ಬೆನ್ನು ನೋಡಿದೆ. ಬೆನ್ನು ಬಾಗಿಸಿ, ಪಾತ್ರೆಯ ತಳ ಬಳಿದುಕೊಂಡು, ಯಾರಿಗೂ ಸದ್ದು ಕೇಳದ ಹಾಗೆ ಉಣ್ಣುತ್ತಿದ್ದರು. ಪರದೆ ಕಿತ್ತೆನೆಂದು ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅದೇ ಪರದೆಯ ಹಿಂದೆ ಈಗ ಅತ್ತೆಯನ್ನು ಕೂರಿಸಿದ್ದೆ. ಅವರು ತಾವಾಗಿಯೇ ಕೂತದ್ದೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ನನ್ನ ಮನಸ್ಸು ಒಪ್ಪಲಿಲ್ಲ.

ಅದಾದ ಕೆಲವು ದಿನಗಳ ಮೇಲೆ ದಂಟಿನ ಸೊಪ್ಪಿನ ಬಸ್ಸಾರು ಮಾಡಿದ್ದೆವು. ಇಬ್ಬರೂ ಉಂಡು ನಡುಮನೆಗೆ ಬಂದು ಕೂತಿದ್ದೆವು. ಅವರ ಕೈಯಲ್ಲಿ ಪೇಪರು, ನನ್ನ ಕೈಯಲ್ಲಿ ಹೂವಿನ ದಾರ. ಅಡುಗೆಮನೆಯಿಂದ ಸೌಟಿನ ಸದ್ದು ಬಂತು. ಪಾತ್ರೆಯ ಅಂಚಿಗೆ, ನಿಧಾನವಾಗಿ, ಎರಡು ಸಲ.

ಅವರು ಪೇಪರಿನಿಂದ ತಲೆಯೆತ್ತದೆ, ಹಳೆಯ ರೂಢಿಯಿಂದ, "ಹುಳಿ ಸಾಲ್ದಂತೆ," ಎಂದರು.

ಆಮೇಲೆ ನನ್ನ ಮುಖ ನೋಡಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಇಬ್ಬರೂ ಎದ್ದು ಒಳಗೆ ಹೋದೆವು. ಅತ್ತೆ ಗೋಡೆಯ ಕಡೆಯೇ ತಿರುಗಿ ಕೂತಿದ್ದರು. ಸೌಟು ಇನ್ನೂ ಕೈಯಲ್ಲಿತ್ತು.

"ಅವ್ವ," ಎಂದರು ಇವರು. "ನಿಂಗೆ ಇದು ಗೊತ್ತಿತ್ತಾ?"

"ಐದ್ ವರ್ಷದಿಂದ ಕೇಳ್ತಾ ಇವ್ನಿ. ನಂಗೇನು ಕಿವುಡಾ?" ಎಂದರು ಅತ್ತೆ. ತಟ್ಟೆಯನ್ನು ನೋಡುತ್ತಲೇ ಮತ್ತೆ ಹೇಳಿದರು. "ನಲವತ್ತು ವರ್ಷ ಈ ಮನೆತನಕ್ಕೆ ಬೇಯ್ಸಿ ಹಾಕಿವ್ನಿ. ಸಾರು ನಿಂಗೆ ಎಂಗಿತ್ತು ಅಂತ ನನ್ನ ಒಬ್ರೂ ಕೇಳ್ನಿಲ್ಲ ಕಣಪ್ಪ. ಇವ್ಳ ಸದ್ದು ಕೇಳಾಕೆ ನೀನು ಪೇಪರ್ ತಲೆಕೆಳಗೆ ಹಿಡ್ಕೊಂಡು ಕೂತಿದ್ದೆ. ನಂದೂ ಕೇಳ್ತೀಯೋ ಇಲ್ವೋ ನೋಡಾಣ ಅಂತ ತಟ್ದೆ."

ಇವರು ನೆಲದ ಮೇಲೆ, ಮಣೆಯನ್ನೂ ಹಾಕಿಕೊಳ್ಳದೆ, ಅವ್ವನ ಎದುರಿಗೆ ಕೂತುಬಿಟ್ಟರು. ನಾನು ಹುಣಸೆಹಣ್ಣು ಕಿವುಚಿ ಸಾರಿಗೆ ಬಿಟ್ಟು, ಒಂದು ಕುದಿ ಕುದಿಸಿ, ಬಡಿಸಿ, ಪಕ್ಕದಲ್ಲಿ ಕೂತೆ. ಅತ್ತೆ ಒಂದು ತುತ್ತು ಉಂಡರು. ಅವರು ಉಣ್ಣುವಾಗ ಹುಬ್ಬು ಮೇಲೆ ಹೋಗುತ್ತದೆಂದು ಮಗನಿಗೆ ಅವತ್ತೇ ಗೊತ್ತಾದದ್ದು. "ಈಗ ಸರಿಯಾಯ್ತು," ಎಂದು ಅತ್ತೆ ಸೌಟನ್ನು ಒಂದು ಸಲ ತಟ್ಟಿದರು.

ಮಾರನೆಯ ದಿನ ಮೂರು ಮಣೆ ಬಿದ್ದವು. ಈಗ ಮಕ್ಕಳಿದ್ದಾರೆ, ಐದು ಬೀಳುತ್ತವೆ. ಯಾವ ದೇವರ ವರವೆಂದು ಕೇಳಿದವರಿಗೆ ಅತ್ತೆ, "ಎಣ್ಣೆ ಸೇವೆ ದೇವ್ರು," ಎನ್ನುತ್ತಾರೆ. ಈಗ ಪಾಸು ಬರೆಸಿದಾಗಲೆಲ್ಲ ಅವರೂ ನಮ್ಮ ಜೊತೆ ಬಂದು, ಯಾವ ಹೋಟೆಲಿಗೆ ಹೋದರೂ ಸೀದಾ ಹಾಲಿನ ನಡುಮಧ್ಯದ ಮೇಜಿಗೇ ಹೋಗಿ ಕೂರುತ್ತಾರೆ. ಆ ಬಿಳಿಕೂದಲು ನೋಡಿ ಏಳಿ ಎನ್ನುವ ಎದೆಗಾರಿಕೆ ಇನ್ನೂ ಯಾರಿಗೂ ಬಂದಿಲ್ಲ. ದೊಡ್ಡಪ್ಪ ಹೇಳಿದಂತೆಯೇ ನಡೆದುಕೊಂಡರು, ಮತ್ತೆ ನಮ್ಮ ಮನೆಯಲ್ಲಿ ಕೈ ತೊಳೆಯಲಿಲ್ಲ. ಅದಕ್ಕೆ ನನಗೆ ಬೇಸರವಿದೆ. ಆದರೆ ಆ ಮಣೆಯಿಂದ ಏಳಬೇಕಿತ್ತೆಂದು ಇವತ್ತಿಗೂ ಅನ್ನಿಸಿಲ್ಲ.

ಉಂಗುರ ಒಗ್ಗರಣೆ ಡಬ್ಬಿಯಲ್ಲೇ ಇರುತ್ತದೆ. ಆ ಹೋಟೆಲಿನ ಯಜಮಾನರು ಇದನ್ನು ಓದಿ, ತಮ್ಮ ವಸ್ತು ತಮಗೆ ಬೇಕೆಂದರೆ ಲಷ್ಕರ್ ಮೊಹಲ್ಲಾಕ್ಕೆ ಬರಲಿ. ಊಟದ ಹೊತ್ತಿಗೇ ಬರಲಿ. ನಮ್ಮ ದೋಸೆ ಈಗ ಅವರದಕ್ಕಿಂತ ಚೆನ್ನಾಗಿದೆ, ಹೊಟ್ಟೆ ತುಂಬ ಹಾಕಿ ಉಂಗುರವನ್ನೂ ಕೊಟ್ಟು ಕಳಿಸುತ್ತೇನೆ. ಆದರೆ ಅವರೊಬ್ಬರಿಗೇ ಬಡಿಸುವುದಿಲ್ಲ. ಹೆಂಡತಿಯನ್ನೂ ಕರೆದುಕೊಂಡು ಬರಬೇಕು, ಪಕ್ಕದ ಮಣೆಯಲ್ಲಿ ಕೂರಿಸಿಕೊಳ್ಳಬೇಕು, ದೋಸೆ ಹೇಗಿದೆಯೆಂದು ಮೊದಲು ಆಕೆಯನ್ನು ಕೇಳಬೇಕು.